ನೋಡುವ ಮೊದಲೇ ಅಂಟಿಸಿದ ಸ್ಟಿಕ್ಕರ್

ಈ ದೇಶದಲ್ಲಿ ಕಾರಿನ ಮುಂದಿನ ಗಾಜಿನ ಮೇಲೆ ಈಗ ಯಾವ ಸರಕಾರಿ ಚೀಟಿಯನ್ನೂ ಅಂಟಿಸಬೇಕಾಗಿಲ್ಲ ಎಂದರೆ ಊರಿನಿಂದ ಬಂದವರು ನನ್ನ ಮುಖ ಮುಖ ನೋಡುತ್ತಾರೆ. ನಾನೂ ಹಾಗೇ ಬೆಚ್ಚಿಬಿದ್ದವನೇ. ನಾನು ಲಂಡನ್ನಿಗೆ ಬಂದ ಹೊಸತರಲ್ಲಿ ತೆರಿಗೆ ಕಟ್ಟಿದ ಗುರುತಿಗೆ ದುಂಡನೆಯ ಚೀಟಿಯೊಂದು ಗಾಜಿನ ಮೂಲೆಯಲ್ಲಿ ಇರುತ್ತಿತ್ತು. ಒಂದು ದಿನ ಅದೂ ಹೋಯಿತು. ವರ್ಷಕ್ಕೊಮ್ಮೆ ಗಾಡಿಯ ತಪಾಸಣೆ ಆಗಬೇಕು, ಅದಕ್ಕೆ ಇಲ್ಲಿ ಎಂಒಟಿ ಅನ್ನುತ್ತಾರೆ. ಅದರ ದಾಖಲೆ ಇರುವುದು ಕಂಪ್ಯೂಟರಿನಲ್ಲಿ. ಗಾಡಿಯ ನಂಬರ್ ಹಾಕಿದರೆ ಯಾರು ಬೇಕಾದರೂ ನೋಡಬಹುದು. ನೋಡಬೇಕು ಅಂತ ನೆನಪಾಗಬೇಕು, ಅಷ್ಟೇ.

ಆ ನೆನಪು ಎಂಥೆಂಥವರಿಗೆ ಆಗುವುದಿಲ್ಲ ಅನ್ನುವುದಕ್ಕೆ ಡಾಕ್ಟರ್ ರಂಗನಾಥ್ ಸಾಕ್ಷಿ. ಮೈಸೂರಿನವರು, ಗ್ರೀನ್‌ಫರ್ಡಿನಲ್ಲಿ ಮನೆ, ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು. ಯುಗಾದಿಗೆ ನಾವು ಕನ್ನಡದವರೆಲ್ಲ ಸೇರುತ್ತಿದ್ದ ಹಾಲ್‌ನಲ್ಲಿ ಯಾರು ಎದುರಾದರೂ ಬಿಪಿ ಯಾವಾಗ ನೋಡಿಸಿದಿರಿ ಎಂದೇ ಮಾತು ಶುರುಮಾಡುವವರು. ಒಂದು ವರ್ಷ ಹೋಳಿಗೆ ತಿನ್ನುತ್ತ, ಬ್ರೇಕು ಯಾಕೋ ಕಿರ್ ಅನ್ನುತ್ತದೆ, ನೀವು ಅದೇ ಕೆಲಸದವರಲ್ಲವಾ, ಒಂದು ಸಲ ನೋಡಿ ಅಂದರು. ನಾನು ಅಭ್ಯಾಸಬಲದಿಂದ ಫೋನ್ ತೆಗೆದು ಅವರ ಕಾರಿನ ನಂಬರ್ ಹಾಕಿದೆ. ಅಯ್ಯೋ ದೇವರೇ, ಎಂಒಟಿ ಮುಗಿದು ಎಂಟು ತಿಂಗಳಾಗಿತ್ತು. ಎಂಟು ತಿಂಗಳು ಈ ಮನುಷ್ಯ ಹೆಂಡತಿ ಮಕ್ಕಳನ್ನು, ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಓಡಾಡಿದ್ದಾರೆ. ವಿಮಾ ಕಂಪನಿಯವರಿಗೆ ಗೊತ್ತಾದರೆ ಏನು ಗತಿ ಎಂದು ನಾನು ಕೇಳಿದೆ. ಡಾಕ್ಟರು ಬಿಳಿಚಿಕೊಂಡರು. ಗಾಜಿನ ಮೇಲೆ ಏನೂ ಬರೆದಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು ಎಂದು ನನ್ನ ಮೇಲೆಯೇ ರೇಗಿದರು.

ಕಣ್ಣೆದುರು ಒಂದು ಚೀಟಿ ಇರಬೇಕು ಅನ್ನುವುದರಲ್ಲಿ ನನಗೂ ಅಷ್ಟೇ ನಂಬಿಕೆ ಇತ್ತು. ಗಾಡಿ ತಪಾಸಣೆಯ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಕೆಲವರು, ನಮ್ಮವರ ಮಕ್ಕಳೇ, ಏನಾದರೂ ಬರೆದುಕೊಡಿ ಅಂಕಲ್ ಎಂದು ಕೇಳಿದ್ದಾರೆ. ನಾನು ಯಾವ ಮೆಟ್ಟಿಲು ಹತ್ತಿದೆ, ಯಾವಾಗ ಹತ್ತಿದೆ ಅನ್ನುವುದು ಯಾರಿಗೂ ಉಪಯೋಗವಿಲ್ಲ. ಜಾರಿ ಬಿದ್ದದ್ದನ್ನು ಹೇಳಿದರೆ ಉಪಯೋಗ ಆದೀತು.

ನಾನು ಹುಬ್ಬಳ್ಳಿಯವನು. ಹೆಸರು ಗುರುಪಾದಪ್ಪ. ಅಲ್ಲಿ ಬಸ್ ರಿಪೇರಿ ಕೆಲಸ ಕಲಿತವನು. ಹೆಂಡತಿ ಶಾಂತಾ ನರ್ಸು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಬಂದೆ. ನನಗೆ ಕೆಲಸ ಸಿಕ್ಕಿದ್ದು ಪಾರ್ಕ್ ರಾಯಲ್‌ನ ಒಂದು ಸಣ್ಣ ಕಂಪನಿಯಲ್ಲಿ, ಸುತ್ತ ಬ್ರೆಡ್ಡು, ಮಸಾಲೆ ತಯಾರಿಸುವ ಶೆಡ್ಡುಗಳು, ನಡುವೆ ನಮ್ಮ ಯಾರ್ಡು. ನಮ್ಮವು ಮಿನಿಬಸ್ಸುಗಳು. ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆಯ ಪರವಾಗಿ ನಡೆಯಲಾಗದ ಹಿರಿಯರನ್ನು ಮನೆಯಿಂದ, ಅವರು ಹಗಲು ಕಳೆಯುವ ಡೇ ಸೆಂಟರಿಗೆ ಕರೆದೊಯ್ದು ಸಂಜೆ ಮನೆ ಮುಟ್ಟಿಸುವ ಕೆಲಸ. ಪ್ರತಿ ಬಸ್ಸಿನ ಹಿಂದೆ ವೀಲ್‌ಚೇರ್ ಎತ್ತುವ ಲಿಫ್ಟು: ಒಂದು ಕಬ್ಬಿಣದ ಹಲಗೆ, ಬಟನ್ ಒತ್ತಿದರೆ ಕುರ್ಚಿ ಸಮೇತ ಮನುಷ್ಯರನ್ನು ಮೇಲಕ್ಕೆ ಎತ್ತುತ್ತದೆ.

ನನ್ನ ಕೆಲಸ ತಪಾಸಣೆ. ಆರು ವಾರಕ್ಕೊಮ್ಮೆ ಪ್ರತಿ ಬಸ್ಸನ್ನೂ ಅದರ ಲಿಫ್ಟನ್ನೂ ನೋಡಬೇಕು, ಹಾಳೆ ತುಂಬಿ ಸಹಿ ಹಾಕಬೇಕು, ಮುಂದಿನ ತಪಾಸಣೆಯ ತಾರೀಕು ಬರೆದ ಹಳದಿ ಸ್ಟಿಕ್ಕರನ್ನು ಬಸ್ಸಿಗೊಂದು ಲಿಫ್ಟಿಗೊಂದು ಅಂಟಿಸಬೇಕು. ಇದಲ್ಲದೆ ಡ್ರೈವರುಗಳು ದಿನಾ ಬೆಳಿಗ್ಗೆ ಬಸ್ಸಿನ ಸುತ್ತ ನಡೆದು ನೋಡಬೇಕು, ಖಾಲಿ ಲಿಫ್ಟನ್ನು ಒಂದು ಸಲ ಮೇಲೆ ಕೆಳಗೆ ಮಾಡಿ ನೋಡಬೇಕು. ಆರು ವಾರದ್ದು ನನ್ನ ಕಣ್ಣು, ದಿನದ್ದು ಅವರ ಕಣ್ಣು. ಎರಡೂ ಇರಬೇಕು. ಇದನ್ನು ನಾನು ಎಷ್ಟು ಜನರಿಗೆ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ.

ಆ ಕೆಲಸಕ್ಕೆ ಕೂತ ಮೊದಲ ವಾರವೇ ಒಂದು ಆಘಾತ ಕಾದಿತ್ತು. ನನಗಿಂತ ಮೊದಲು ಇದ್ದವನು ಡೆರೆಕ್ ಅಂತ, ಯಾರ್ಡಿನವರೆಲ್ಲ ಹೊಗಳುತ್ತಿದ್ದ ಮುದುಕ. ಅವನ ಬೀರು ಖಾಲಿ ಮಾಡುವಾಗ ಒಂದು ಕಟ್ಟು ಸಿಕ್ಕಿತು. ಮುಂದಿನ ಮೂರು ತಿಂಗಳ ತಪಾಸಣೆ ಹಾಳೆಗಳು. ಎಲ್ಲ ಸಾಲಿಗೂ ಸರಿ ಗುರುತು, ಕೆಳಗೆ ಸಹಿ, ತಾರೀಕು ಒಂದೇ ಖಾಲಿ. ಇನ್ನೂ ಓಡದ ದಾರಿಗೆ, ಇನ್ನೂ ಸವೆಯದ ಬ್ರೇಕಿಗೆ ಆಗಲೇ ಸರಿ ಗುರುತು! ಓಡಿಹೋಗಿ ಅದನ್ನು ಮ್ಯಾನೇಜರ್ ಮಿಸೆಸ್ ಕಾನೊಲಿಯ ಮೇಜಿನ ಮೇಲೆ ಹಾಕಿದೆ. ಅವಳು ಐರ್ಲೆಂಡಿನವಳು, ಬಾಯಿ ಜೋರು, ಮನಸ್ಸು ಚಲೋ. ಹಾಳೆ ತಿರುವಿ ತಿರುವಿ ನೋಡಿ, ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಎಲ್ಲ ಬಸ್ಸುಗಳನ್ನೂ ಎರಡು ದಿನ ನಿಲ್ಲಿಸಿ ಮತ್ತೆ ನೋಡಿದೆವು. ಅವತ್ತಿನಿಂದ ಯಾರ್ಡಿನಲ್ಲಿ ನನ್ನ ಸಹಿಗೆ ಒಂದು ತೂಕ ಬಂತು. ಗುರು ಸಹಿ ಹಾಕಿದರೆ ಆಯಿತು ಎನ್ನುವ ಮಾತು ಹುಟ್ಟಿತು. ನನಗೂ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ರೋಗ ಹೇಳುತ್ತೇನೆ. ನನಗೆ ರಾಹುಕಾಲದ ಭಯ. ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪ ರಾಹುಕಾಲದಲ್ಲಿ ಒಂದು ಕಾಗದಕ್ಕೂ ಸಹಿ ಹಾಕಿದವನಲ್ಲ, ಅದು ನನ್ನ ರಕ್ತಕ್ಕೂ ಬಂದಿದೆ. ಕೆಲಸ ಮಾಡಬಹುದು, ಗ್ರೀಸು ಹಚ್ಚಬಹುದು, ನಟ್ಟು ಬಿಗಿಯಬಹುದು. ಸಹಿ ಮಾತ್ರ ಬೇಡ, ಹೊಸದೊಂದನ್ನು ಅಂಟಿಸುವುದು ಬೇಡ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಅಡುಗೆಮನೆಯಲ್ಲಿ ನೇತುಹಾಕಿದ್ದ ಊರಿನ ಕ್ಯಾಲೆಂಡರ್ ಏನು ಹೇಳುತ್ತದೋ ಅದು. ಶಾಂತಾ ನಕ್ಕು ನಕ್ಕು ಸುಸ್ತಾಗುತ್ತಿದ್ದಳು.

"ಅಲ್ರೀ, ಬ್ಯಾಸಗ್ಯಾಗ ಇಲ್ಲಿ ಹೊತ್ತು ಮುಳುಗೂದು ರಾತ್ರಿ ಒಂಬತ್ತಕ್ಕ. ನಿಮ್ಮ ರಾಹುಗ ಓವರ್‌ಟೈಮ್ ಯಾರು ಕೊಡ್ತಾರ?" ಅನ್ನುತ್ತಿದ್ದಳು.

ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಶುಕ್ರವಾರ ಆ ದಿನದ ಎರಡನೇ ಬಸ್ಸಿನ ಸರದಿ ಬರುತ್ತಿದ್ದದ್ದು ಸರಿಯಾಗಿ ಹತ್ತೂವರೆಯ ಹೊತ್ತಿಗೆ. ಸಹಿಗೆ ಹನ್ನೆರಡರವರೆಗೆ ಕಾದರೆ ಮುಂದಿನ ಬಸ್ಸಿನ ಸರದಿ ತಡವಾಗುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಹತ್ತು ಗಂಟೆಗೇ ಹಾಳೆ ತುಂಬಿ, ಸಹಿ ಮಾಡಿ, ಸ್ಟಿಕ್ಕರ್ ಅಂಟಿಸಿಬಿಡುವುದು. ಆಮೇಲೆ ನಿಧಾನಕ್ಕೆ ಹಾಳೆ ಹಿಡಿದುಕೊಂಡು ಒಂದೊಂದನ್ನೇ ನೋಡುವುದು. ಕೆಟ್ಟದ್ದು ಕಂಡರೆ ಸ್ಟಿಕ್ಕರ್ ಕಿತ್ತು ರಾಹುಕಾಲ ಕಳೆದ ಮೇಲೆ ಹೊಸ ಹಾಳೆ ಬರೆಯುವುದು. ಹಾಗೆ ಎಷ್ಟೋ ಸಲ ಕಿತ್ತಿದ್ದೇನೆ ಕೂಡ. ಡೆರೆಕ್ ಮೂರು ತಿಂಗಳು ಮುಂಚೆ ಬರೆದ, ನಾನು ಅರ್ಧ ಗಂಟೆ ಮುಂಚೆ ಬರೆಯುತ್ತೇನೆ, ಅವನದು ಮೋಸ, ನನ್ನದು ಮುಹೂರ್ತ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಎಷ್ಟು ವರ್ಷ! ಹನ್ನೊಂದು ವರ್ಷ ಹಾಗೆ ನಡೆಯಿತು.

ಈಗಿನವರು ಕೇಳಬಹುದು, ಹಾಳೆಯ ಬದಲು ಬಂದಿರುವ ಟ್ಯಾಬ್ಲೆಟ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲವಲ್ಲ, ಅದು ನಿಮಿಷ ಸಮೇತ ಗುರುತಿಟ್ಟುಕೊಳ್ಳುತ್ತದಲ್ಲ ಅಂತ. ನಾನು ಹೇಳುತ್ತಿರುವುದು ನಮ್ಮ ಯಾರ್ಡಿಗೆ ಟ್ಯಾಬ್ಲೆಟ್ ಬರುವ ಮುಂಚಿನ ಕೊನೆಯ ವರ್ಷದ ಮಾತು. ಆದರೂ ಒಂದು ಹೇಳುತ್ತೇನೆ. ಟ್ಯಾಬ್ಲೆಟ್ ಬಂದ ಮೇಲೆ ಒಬ್ಬ ಡ್ರೈವರ್ ಟೀ ಕುಡಿಯುತ್ತ, ಬಸ್ಸಿಗೆ ಬೆನ್ನು ಹಾಕಿ ನಿಂತು, ನಲವತ್ತು ಪ್ರಶ್ನೆಗೆ ಓಕೆ ಓಕೆ ಎಂದು ಒತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಟೀ ಇನ್ನೂ ಅರ್ಧ ಲೋಟ ಉಳಿದಿತ್ತು.

ಏಳನೇ ನಂಬರ್ ಬಸ್ಸು ಫೆಲಿಕ್ಸನದು. ಮಂಗಳೂರಿನವನು, ನಲವತ್ತು ದಾಟಿದವನು, ಹೆಂಡತಿ ಲಿಲ್ಲಿ ಹಾಗೂ ಇಬ್ಬರು ಹೆಣ್ಣುಮಕ್ಕಳ ಜೊತೆ ಹೇಸ್‌ನಲ್ಲಿ ಬಾಡಿಗೆ ಮನೆ. ಇಡೀ ಯಾರ್ಡಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುವುದು, ಅವನ ಕನ್ನಡಕ್ಕೆ ನಾನು ನಗುವುದು, ನನ್ನ ಕನ್ನಡಕ್ಕೆ ಅವನು ನಗುವುದು. ಅವನ ಬಸ್ಸಿನಲ್ಲಿ ಹೋಗುತ್ತಿದ್ದವರಲ್ಲಿ ಡಾಕ್ಟರ್ ರಂಗನಾಥರ ತಾಯಿ ಪದ್ಮಮ್ಮನೂ ಒಬ್ಬರು. ಮೊಣಕಾಲು ಸೋತು ಹೊರಗೆ ಹೋಗಲು ವೀಲ್‌ಚೇರ್ ಬೇಕಾಗಿತ್ತು. ವಾರಕ್ಕೆ ಮೂರು ದಿನ ಡೇ ಸೆಂಟರಿನಲ್ಲಿ ಇಂಗ್ಲಿಷ್ ಅಜ್ಜಿಯರಿಗೆ ಚೌಕಾಬಾರ ಕಲಿಸುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಫೋನ್ ಬಂತು. ಗ್ರೀನ್‌ಫರ್ಡಿನಲ್ಲಿ, ಪದ್ಮಮ್ಮನವರ ಮನೆಯೆದುರೇ, ಲಿಫ್ಟು ಅರ್ಧ ಮೇಲೆ ಹೋಗಿ ಒಂದು ಬದಿ ಕುಸಿದಿದೆ. ಕುರ್ಚಿ ವಾಲಿ ಪದ್ಮಮ್ಮ ರಸ್ತೆಗೆ ಬಿದ್ದಿದ್ದಾರೆ. ಫೆಲಿಕ್ಸ್ ಬಟನ್ ಬಿಟ್ಟು ಕೈ ಚಾಚಿದ್ದಾನೆ, ಸಿಕ್ಕಿದ್ದು ಸೆರಗು ಮಾತ್ರ. ಆಂಬುಲೆನ್ಸ್ ಬಂದಿದೆ. ಸೊಂಟದ ಮೂಳೆ ಮುರಿದಿದೆ.

ಆ ಕ್ಷಣದಲ್ಲಿ ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಮೂರು ದಿನದ ಹಿಂದೆ, ಶುಕ್ರವಾರ ತಾನೇ ನಾನು ಆ ಲಿಫ್ಟ್ ನೋಡಿದ್ದೇನೆ ಅನ್ನುವುದು. ಫೈಲಿನಿಂದ ಹಾಳೆ ತೆಗೆದೆ, ನನ್ನ ಸಹಿ ಇತ್ತು. ಬಸ್ಸನ್ನು ಎಳೆದು ತಂದಾಗ ನೋಡಿದೆ, ಲಿಫ್ಟಿನ ಮೇಲೆ ಹೊಚ್ಚಹೊಸ ಹಳದಿ ಸ್ಟಿಕ್ಕರ್, ನನ್ನದೇ ಅಕ್ಷರ. ಹಾಳೆಯನ್ನು ಮಿಸೆಸ್ ಕಾನೊಲಿಯ ಮುಂದೆ ಹಿಡಿದು ಹೆಮ್ಮೆಯಿಂದಲೇ ತೋರಿಸಿದೆ. ಅವಳು ಸಹಿ ನೋಡಿ ನಿಟ್ಟುಸಿರು ಬಿಟ್ಟಳು. ಹಾಗಾದರೆ ತಪ್ಪು ನಮ್ಮದಲ್ಲ ಅನ್ನುವ ಉಸಿರು ಅದು.

ಹೊರಗಿನಿಂದ ಬಂದ ಪರೀಕ್ಷಕ, ಲಿಫ್ಟಿನ ಹಲಗೆಯನ್ನು ಹಿಡಿದಿಡುವ ಪಿನ್ನು ಮುರಿದದ್ದನ್ನು ಕೈಯಲ್ಲಿ ಹಿಡಿದು, ಇದು ಸವೆದು ಸವೆದು ತುಂಡಾದದ್ದು, ಬೆಳಿಗ್ಗೆ ಗದ್ದಲವಿಲ್ಲದ ಹೊತ್ತಿನಲ್ಲಿ ಖಾಲಿ ಲಿಫ್ಟನ್ನು ಒಂದು ಸಲ ಎತ್ತಿದ್ದರೂ ಸದ್ದು ಕೇಳುತ್ತಿತ್ತು ಎಂದ. ಎಲ್ಲರ ಕಣ್ಣೂ ಫೆಲಿಕ್ಸನ ಮೇಲೆ ತಿರುಗಿತು. ಅವನು ತಲೆ ತಗ್ಗಿಸಿ, ಇವತ್ತು ನೋಡಲಿಲ್ಲ ಎಂದು ಒಪ್ಪಿಕೊಂಡ. ಅವನನ್ನು ಆಗಲೇ ಕೆಲಸದಿಂದ ನಿಲ್ಲಿಸಿದರು. ಕೌನ್ಸಿಲ್ ಕೊಟ್ಟ ಬ್ಯಾಡ್ಜನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಇಡಬೇಕಾಯಿತು. ಆ ಬ್ಯಾಡ್ಜ್ ರದ್ದಾದರೆ ಲಂಡನ್ನಿನಲ್ಲಿ ಯಾರೂ ಅವನ ಕೈಗೆ ಹಿರಿಯರ ಬಸ್ಸನ್ನಾಗಲಿ ಶಾಲೆಯ ಬಸ್ಸನ್ನಾಗಲಿ ಕೊಡುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಶುಕ್ರವಾರ ಕೌನ್ಸಿಲಿನವರ ಮುಂದೆ ವಿಚಾರಣೆ ಎಂದು ಹೇಳಿ ಕಳಿಸಿದರು.

ನಾನೇನು ಮಾಡಿದೆ? ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ ಬೈದೆ. ಬಾಯಿಗೆ ಬಂದಂತೆ ಬೈದೆ. ಒಂದು ನಿಮಿಷದ ಕೆಲಸ ಮಾಡಲಾರದೆ ಮುದುಕಿಯ ಸೊಂಟ ಮುರಿದೆಯಲ್ಲೋ, ನಾಳೆ ಡಾಕ್ಟರಿಗೆ ನಾನು ಹೇಗೆ ಮುಖ ತೋರಿಸಲಿ ಅಂದೆ. ಅವನು ಕಣ್ಣು ಒರೆಸಿಕೊಂಡು ಹೋದ.

ಮಂಗಳವಾರ ಆಸ್ಪತ್ರೆಗೆ ಹೋದೆ. ಪದ್ಮಮ್ಮನವರಿಗೆ ಆಪರೇಷನ್ ಆಗಿತ್ತು. ಹಾಸಿಗೆಯಲ್ಲಿ ಇಷ್ಟೇ ಇಷ್ಟು ಕಾಣುತ್ತಿದ್ದರು. ಡಾಕ್ಟರ್ ರಂಗನಾಥ್ ಫೆಲಿಕ್ಸನ ಹೆಸರೆತ್ತಿದರೆ ಹಲ್ಲು ಕಡಿಯುತ್ತಿದ್ದರು, ಅವನನ್ನು ಬಿಡುವುದಿಲ್ಲ ಅನ್ನುತ್ತಿದ್ದರು. ಪದ್ಮಮ್ಮ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದರು, "ಅವನನ್ನ ಬೈಬೇಡಿ ಕಣಪ್ಪಾ. ನಾನು ಬಿದ್ದಾಗ ಅವನು ಕೂಗಿದ್ದು ಕೇಳಿದ್ರೆ ನೀವು ಬೈತಿರ್ಲಿಲ್ಲ."

ಬುಧವಾರ ಮಿಸೆಸ್ ಕಾನೊಲಿ ಆ ಶುಕ್ರವಾರದ ಹಾಳೆಯ ನಕಲು ತೆಗೆದು ಕೌನ್ಸಿಲಿಗೆ ಕಳಿಸಲು ಹೇಳಿದಳು. ಹಾಳೆಯನ್ನು ಯಂತ್ರದ ಮೇಲೆ ಇಡಲು ಹೋದವನು ನಿಂತುಬಿಟ್ಟೆ. ಲಿಫ್ಟಿಗೆ ಒಂದು ಸಣ್ಣ ಮೀಟರ್ ಇರುತ್ತದೆ, ಎಷ್ಟು ಸಲ ಎತ್ತಿ ಇಳಿಸಿತು ಎಂದು ಎಣಿಸುತ್ತದೆ. ತಪಾಸಣೆಯ ದಿನ ಆ ಸಂಖ್ಯೆಯನ್ನು ಓದಿ ಹಾಳೆಯ ಕೊನೆಯ ಚೌಕದಲ್ಲಿ ಬರೆಯಬೇಕು. ನಾನು ಮುಂಚಿತವಾಗಿ ತುಂಬುವ ಹಾಳೆಯಲ್ಲಿ ತುಂಬಲು ಸಾಧ್ಯವಿಲ್ಲದ ಒಂದೇ ಒಂದು ಚೌಕ ಅದು. ಲಿಫ್ಟಿನ ಹತ್ತಿರ ಹೋಗಿ ಬಗ್ಗಿ ಓದದೆ ಅದು ಗೊತ್ತಾಗುವುದಿಲ್ಲ.

ಆ ಚೌಕ ಖಾಲಿ ಇತ್ತು.

ಆಗ ಎಲ್ಲ ನೆನಪಿಗೆ ಬಂತು, ಒಂದೊಂದಾಗಿ. ಶುಕ್ರವಾರ ಬಸ್ಸಿನ ಬ್ರೇಕು ಟೈರು ಎಲ್ಲ ಮುಗಿಸಿದ್ದೆ, ಲಿಫ್ಟ್ ಉಳಿದಿತ್ತು. ಹತ್ತು ಗಂಟೆ ದಾಟಿತು ಎಂದು ಲಿಫ್ಟಿನ ಹಾಳೆ ತುಂಬಿ, ಸಹಿ ಹಾಕಿ, ಸ್ಟಿಕ್ಕರ್ ಅಂಟಿಸಿದೆ. ಅಷ್ಟರಲ್ಲಿ ಹೇಸ್ ಸ್ಟೇಷನ್ ಹತ್ತಿರ ಬೇರೊಂದು ಬಸ್ಸಿನ ಬಾಗಿಲು ಸಿಕ್ಕಿಕೊಂಡು ಜನ ಒಳಗೇ ಇದ್ದಾರೆಂದು ಫೋನ್ ಬಂತು. ಹಾಗೇ ಓಡಿದೆ. ಬಂದಾಗ ಮಧ್ಯಾಹ್ನ ಎರಡು. ಏಳನೇ ಬಸ್ಸಿನ ಹಿಂದೆ ಹೋಗಿ ನೋಡಿದೆ. ಹಳದಿ ಸ್ಟಿಕ್ಕರ್ ಇತ್ತು. ಓ, ಇದು ಮುಗಿದಿದೆ ಎಂದುಕೊಂಡು ಹಾಳೆಯನ್ನು ಫೈಲಿಗೆ ಹಾಕಿ ಮುಂದಿನ ಬಸ್ಸಿಗೆ ಹೋದೆ.

ನನ್ನ ಅಕ್ಷರ ನನಗೇ ಸುಳ್ಳು ಹೇಳಿತ್ತು, ನಾನು ನಂಬಿದ್ದೆ. ಪಿನ್ನು ಸವೆದದ್ದು ನಾನು ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಆ ಮುದುಕಿ ರಸ್ತೆಗೆ ಬಿದ್ದದ್ದು ನನ್ನಿಂದ.

ಮುಂದಿನದನ್ನು ಬರೆಯದೆ ಬಿಟ್ಟುಬಿಡೋಣ ಅಂತ ಎರಡು ದಿನ ಯೋಚಿಸಿದ್ದೇನೆ. ಬಿಟ್ಟರೆ ಈ ಬರಹವೂ ಡೆರೆಕ್‌ನ ಹಾಳೆಯೇ ಆಗುತ್ತದೆ. ನಾನು ಯಾರ್ಡಿನ ಮೂಲೆಗೆ ಹೋದೆ, ಅಲ್ಲಿ ಬಸ್ಸು ನಿಂತಿತ್ತು. ಲಿಫ್ಟಿನ ಮೀಟರ್ ಓದಿದೆ. ಶುಕ್ರವಾರ ಸಂಜೆ ಫೆಲಿಕ್ಸ್ ಎಷ್ಟು ಜನರನ್ನು ಇಳಿಸಿದ್ದ, ಸೋಮವಾರ ಎಷ್ಟು ಜನರನ್ನು ಹತ್ತಿಸಿದ್ದ ಎಂದು ಅವನ ಓಡಾಟದ ಪಟ್ಟಿ ನೋಡಿ ಕಳೆದೆ. ಒಂದಕ್ಕೆ ಎರಡು ಸಲ ಪರೀಕ್ಷಿಸಿದೆ. ಬಂದ ಸಂಖ್ಯೆಯನ್ನು ಅದೇ ನೀಲಿ ಪೆನ್ನಿನಲ್ಲಿ ಆ ಚೌಕದಲ್ಲಿ ಬರೆದೆ. ಆಮೇಲೆ ನಕಲು ತೆಗೆದು ಕೌನ್ಸಿಲಿಗೆ ಕಳಿಸಿದೆ. ಹನ್ನೊಂದು ವರ್ಷದಲ್ಲಿ ಯಾವ ಲಿಫ್ಟನ್ನೂ ನಾನು ಅಷ್ಟು ಎಚ್ಚರಿಕೆಯಿಂದ ನೋಡಿರಲಿಲ್ಲ ಅನಿಸುತ್ತದೆ. ಎಂಥ ಮನುಷ್ಯ ನಾನು!

ಗುರುವಾರ ಬೆಳಿಗ್ಗೆಯೇ ಫೆಲಿಕ್ಸ್ ಫೋನ್ ಮಾಡಿ ಸಂಜೆ ಮನೆಗೆ ಊಟಕ್ಕೆ ಕರೆದ. ಏನೋ ಒಂದು ಕೇಳುವುದುಂಟು ಎಂದ. ಹೋಗದಿದ್ದರೆ ಅನುಮಾನ ಬಂದೀತು ಎಂದು ಹೋದೆ. ನೋಡಿ, ಕಳ್ಳನ ಯೋಚನೆ ಆಗಲೇ ಎಷ್ಟು ಚೆನ್ನಾಗಿ ಬಂದುಬಿಟ್ಟಿತ್ತು ನನಗೆ. ಮಕ್ಕಳು ಸದ್ದಿಲ್ಲದೆ ಮೇಲೆ ಓದಿಕೊಳ್ಳುತ್ತಿದ್ದರು. ನಮ್ಮದು ಮೀನು ಮಾಂಸ ಮುಟ್ಟದ ಮನೆ ಎಂದು ಲಿಲ್ಲಿಗೆ ಗೊತ್ತು. ಅನ್ನ, ತೊಗರಿಬೇಳೆ ಸಾರು, ಬೀನ್ಸ್ ಪಲ್ಯ ಮಾಡಿದ್ದಳು. ಬೇಡ ಬೇಡ ಅಂದರೂ ಎರಡನೇ ಸಲ ಬಡಿಸಿದಳು. ಅವಳ ಕಣ್ಣು ಊದಿಕೊಂಡಿತ್ತು. ಬ್ಯಾಡ್ಜ್ ಹೋದರೆ ಈ ಮನೆ ಬಿಡಬೇಕಾಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಫೆಲಿಕ್ಸ್ ಕೇಳಿದ್ದು ಇದು. ಇಲ್ಲಿಯ ಪದ್ಧತಿಯಂತೆ ವಿಚಾರಣೆಗೆ ಹೋಗುವವನು ತನ್ನ ಜೊತೆ ಕೂರಲು ಒಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಬಹುದು.

"ನೀವು ನನ್ನ ಪಕ್ಕ ಕೂತ್ಕೊಳ್ತೀರಾ ಗುರಣ್ಣ? ಮಾತಾಡುವುದು ಬೇಡ. ಕೂತ್ರೆ ಸಾಕು, ನನಗೊಂದು ಧೈರ್ಯ."

ಆಗಲಿ ಅಂದೆ. ಏನೂ ಆಗುವುದಿಲ್ಲ, ದೇವರಿದ್ದಾನೆ ಎಂದು ಅವನ ಬೆನ್ನು ತಟ್ಟಿದೆ ಕೂಡ.

ಶುಕ್ರವಾರ ಹನ್ನೊಂದು ಗಂಟೆಗೆ ನಮ್ಮ ಯಾರ್ಡಿನ ಆಫೀಸಿನಲ್ಲೇ ವಿಚಾರಣೆ. ಆ ಕಡೆ ಮಿಸೆಸ್ ಕಾನೊಲಿ ಮತ್ತು ಕೌನ್ಸಿಲಿನ ಒಬ್ಬ ಹೆಂಗಸು, ಈ ಕಡೆ ಫೆಲಿಕ್ಸ್ ಮತ್ತು ನಾನು. ಮೇಜಿನ ನಡುವೆ ನಾನು ಕಳಿಸಿದ ಹಾಳೆ. ಕೌನ್ಸಿಲಿನವಳು ಒಳ್ಳೆಯ ಮಾತಿನವಳು. ಮಾಮೂಲಾಗಿ ಬೆಳಿಗ್ಗೆ ಲಿಫ್ಟ್ ನೋಡುತ್ತೀರಾ ಎಂದು ಕೇಳಿದಳು. ನೋಡುತ್ತೇನೆ ಅಂದ. ಹಾಗಾದರೆ ಆವತ್ತು ಯಾಕೆ ನೋಡಲಿಲ್ಲ ಅಂದಳು.

ಫೆಲಿಕ್ಸ್ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದ. ಆವತ್ತು ಬೆಳಿಗ್ಗೆ ತಡವಾಗಿತ್ತು, ಲಿಫ್ಟಿನ ಹತ್ತಿರ ಹೋದಾಗ ಹೊಸ ಸ್ಟಿಕ್ಕರ್ ಕಂಡಿತು. ಇವರ ಅಕ್ಷರ ಎಂದು ನನ್ನನ್ನು ತೋರಿಸಿದ. ಇಷ್ಟು ವರ್ಷದಲ್ಲಿ ಇವರು ಅಂಟಿಸಿದ ಒಂದು ಸ್ಟಿಕ್ಕರೂ ಸುಳ್ಳಾಗಿದ್ದಿಲ್ಲ. ಇವರು ಶುಕ್ರವಾರ ತಾನೇ ನೋಡಿದ ಮೇಲೆ ಸೋಮವಾರ ನಾನು ಏನು ಹೊಸದಾಗಿ ನೋಡುವುದು ಅಂದುಕೊಂಡೆ. ತಪ್ಪು ನನ್ನದು. ಇವರದ್ದೇನೂ ಇಲ್ಲ, ಇವರನ್ನು ಏನೂ ಕೇಳಬೇಡಿ.

ಹಾಗೆ ಹೇಳಿ ನನ್ನ ತೋಳಿನ ಮೇಲೆ ಕೈ ಇಟ್ಟ, ನನಗೇನೋ ನೋವಾಗಿದೆ ಅನ್ನುವ ಹಾಗೆ.

ಆ ಕೈ ಇಡದಿದ್ದರೆ ನಾನು ಸುಮ್ಮನೆ ಕೂತಿರುತ್ತಿದ್ದೆನೋ ಏನೋ. ಸತ್ಯವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಅವನು ಕಣ್ಣು ಮುಚ್ಚಿದ್ದು ಸೋಮಾರಿತನದಿಂದಲ್ಲ, ನನ್ನನ್ನು ನಂಬಿ. ಎರಡು ಕಣ್ಣು ಇರಬೇಕಾದ ಕಡೆ ನನ್ನ ಒಳ್ಳೆಯ ಹೆಸರು ಒಂದನ್ನು ಮುಚ್ಚಿತ್ತು, ಇನ್ನೊಂದನ್ನು ನಾನೇ ಮುಚ್ಚಿಕೊಂಡಿದ್ದೆ. ಎದ್ದು ನಿಂತೆ.

"ಆ ಲಿಫ್ಟನ್ನು ನಾನು ನೋಡಿಯೇ ಇಲ್ಲ," ಅಂದೆ. "ನೋಡುವ ಮೊದಲೇ ಸಹಿ ಹಾಕಿದೆ, ಆಮೇಲೆ ಮರೆತೆ. ಕೊನೆಯ ಚೌಕದ ಸಂಖ್ಯೆ ಮೊನ್ನೆ ಬುಧವಾರ ಬರೆದದ್ದು."

ಮಿಸೆಸ್ ಕಾನೊಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದಳು. ಡೆರೆಕ್‌ನ ಹಾಳೆ ನೋಡಿದಾಗಲೂ ಅವಳ ಮುಖ ಹಾಗಾಗಿರಲಿಲ್ಲ. ಇನ್ನು ಮಾತಾಡಬೇಡ ಗುರು, ಯಾರಾದರೂ ವಕೀಲರನ್ನು ಕೇಳಿ ಆಮೇಲೆ ಮಾತಾಡು ಎಂದಳು. ನಾನು ಫೆಲಿಕ್ಸನ ಕಡೆ ನೋಡಲಿಲ್ಲ. ತೋಳಿನ ಮೇಲಿನ ಕೈ ಹೋಗಿದ್ದು ಮಾತ್ರ ಗೊತ್ತಾಯಿತು.

ಅದರ ಪರಿಣಾಮ ಹೇಳಿಬಿಡುತ್ತೇನೆ. ಫೆಲಿಕ್ಸನಿಗೆ ಬೆಳಗಿನ ತಪಾಸಣೆ ತಪ್ಪಿಸಿದ್ದಕ್ಕೆ ಎಚ್ಚರಿಕೆ ಪತ್ರ ಕೊಟ್ಟು ಬ್ಯಾಡ್ಜ್ ಹಿಂತಿರುಗಿಸಿದರು. ನನ್ನ ಸಹಿಯ ಅಧಿಕಾರ ಆ ದಿನವೇ ಹೋಯಿತು. ಆಮೇಲೆ ತಿಂಗಳುಗಟ್ಟಲೆ ನಡೆದ ಹೇಳಿಕೆ, ಕಾಗದಪತ್ರ ಇಲ್ಲಿ ಬೇಡ. ಜೈಲಿಗೆ ಹೋಗಲಿಲ್ಲ ಅನ್ನುವುದು ನನ್ನ ಪುಣ್ಯ. ಮಿಸೆಸ್ ಕಾನೊಲಿ ನನ್ನನ್ನು ಓಡಿಸಲಿಲ್ಲ. ನಿವೃತ್ತಿಯವರೆಗೆ ಬಸ್ಸು ತೊಳೆಯುವ ಕೆಲಸ ಕೊಟ್ಟಳು. ಪದ್ಮಮ್ಮ ವಾಕರ್ ಹಿಡಿದು ಮನೆಯೊಳಗೆ ನಡೆಯುವಂತಾದರು, ಆದರೆ ಮತ್ತೆ ಯಾವ ಲಿಫ್ಟೂ ಹತ್ತಲಿಲ್ಲ, ಡೇ ಸೆಂಟರಿಗೆ ಹೋಗಲಿಲ್ಲ. ಡಾಕ್ಟರ್ ರಂಗನಾಥ್ ಯುಗಾದಿಗೆ ನಾನಿದ್ದ ಕಡೆ ಬರಲಿಲ್ಲ. ಅದು ಸರಿಯೇ. ಮನೆಯಲ್ಲಿ ಶಾಂತಾ ಎಲ್ಲ ಕೇಳಿ, ಗೋಡೆಯ ಮೇಲಿನ ಕ್ಯಾಲೆಂಡರನ್ನು ತೆಗೆದು ಸುರುಳಿ ಸುತ್ತಿ ಎಲ್ಲೋ ಇಟ್ಟಳು. ಅವಳು ನಗದೆ ಇದ್ದದ್ದು ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

ನಾನು ನಿಮಗೆ ಹೇಳಬೇಕಾದದ್ದು ವಿಚಾರಣೆ ಮುಗಿದ ಮೇಲಿನ ಹತ್ತು ನಿಮಿಷ. ಮಿಸೆಸ್ ಕಾನೊಲಿ ನನ್ನನ್ನು ಮನೆಗೆ ಕಳಿಸಿದಳು. ಯಾರ್ಡಿನ ಹೊರಗಿನ ಬಸ್ ಸ್ಟಾಪಿಗೆ ಬಂದರೆ ಫೆಲಿಕ್ಸ್ ಅಲ್ಲಿ ನಿಂತಿದ್ದ. ಇಬ್ಬರೂ ಹೋಗಬೇಕಾದದ್ದು ಒಂದೇ ಬಸ್ಸಿಗೆ. ನಾನು ಕೈ ಮುಗಿದೆ. ಅವನು ಮುಗಿದ ಕೈಯನ್ನು ನೋಡಲಿಲ್ಲ. ಸಿಟ್ಟು ಮಾಡಿದ್ದರೆ, ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು.

"ಸೋಮವಾರ ನೀವು ನನಗೆ ಬೈದ್ರಲ್ಲ, ಆಗ ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?" ಎಂದು ಕೇಳಿದ.

ಇಲ್ಲ ಅಂದೆ. ದೇವರಾಣೆ ಗೊತ್ತಿರಲಿಲ್ಲ ಅಂದೆ.

"ಸರಿ. ಮರೆತದ್ದು ನನಗೆ ಅರ್ಥ ಆಗ್ತದೆ. ನಾನೂ ನೋಡ್ಲಿಲ್ಲ." ಆಮೇಲೆ ಕೇಳಿದ, "ನಿನ್ನೆ ನಮ್ಮಲ್ಲಿ ಊಟಕ್ಕೆ ಕೂತಾಗ?"

"ಗೊತ್ತಿತ್ತು," ಅಂದೆ.

ಅವನು ತಲೆ ಆಡಿಸಿದ. ಬಸ್ಸು ತಿರುವಿನಲ್ಲಿ ಕಾಣಿಸಿತು. ಜೇಬಿನಿಂದ ಬಸ್ಸಿನ ಕಾರ್ಡ್ ತೆಗೆದುಕೊಂಡು, ನನ್ನ ಕಡೆ ತಿರುಗದೆ ಹೇಳಿದ, "ಲಿಲ್ಲಿಗೆ ಇದೊಂದು ಹೇಳುವುದಿಲ್ಲ ನಾನು. ನಮ್ಮ ಪಾತ್ರೆಯಲ್ಲಿ ಮೀನು ಮಾಡಿದ್ದುಂಟು ಅಂತ ಅವಳು ನಿನ್ನೆ ಬೆಳಿಗ್ಗೆ ಹೋಗಿ ನಿಮಗೋಸ್ಕರ ಹೊಸ ಪಾತ್ರೆ ತಂದಿದ್ದಳು."

ಬಸ್ಸು ಬಂದು ನಿಂತಿತು. ಅವನು ಹತ್ತಿದ. ಡ್ರೈವರ್ ಬಾಗಿಲು ತೆರೆದಿಟ್ಟುಕೊಂಡು ನನ್ನ ಮುಖ ನೋಡಿದ. ನಾನು ಹತ್ತಲಿಲ್ಲ.